ನನ್ನ ಆಕಳು, ಆಕೆಯ ಎತ್ತು

ಆಗ ನನಗೆ ಅರವತ್ತೊಂದು. ಆರು ವರ್ಷದ ಹಿಂದಿನ ಮಾತು. ನನ್ನ ವಯಸ್ಸಿಗೆ ಯಾವ ಕಾಗದವೂ ಇಲ್ಲ, ಕೋರ್ಟಿನಲ್ಲಿ ಬರೆದುಕೊಂಡದ್ದನ್ನೇ ಹಿಡಿದು ಹೇಳುತ್ತಿದ್ದೇನೆ.

ನಮ್ಮದು ಮುನವಳ್ಳಿ ಕಡೆಯ ಊರು. ಗಂಡ ಸತ್ತ ಮೇಲೆ ನಾನು, ಮಗ, ಸೊಸೆ ಒಂದು ಮನೆಯಲ್ಲಿ. ಮೈದುನ ಮತ್ತು ಅವನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ನಡುಗೋಡೆಯ ಆಚೆ. ಹೊಲ ಹಂಚಿಕೊಂಡಿದ್ದೆವು, ದನದ ಕೊಟ್ಟಿಗೆ ಹಂಚಿರಲಿಲ್ಲ. ಅದರಲ್ಲಿ ನನ್ನದೊಂದು ಗಬ್ಬದ ಆಕಳು, ಅವರದೊಂದು ಜೋಡಿ ಎತ್ತು. ಕೊಟ್ಟಿಗೆಗೆ ಹತ್ತಿಕೊಂಡೇ ಜೋಳದ ಕಣಿಕೆಯ ಬಣವೆ.

ಆ ಬಣವೆಗೆ ಬೆಂಕಿ ಬಿದ್ದದ್ದು ಅದಕ್ಕೂ ಐದು ವರ್ಷ ಮೊದಲು. ಹಚ್ಚಿದವಳು ನಾನು. ಆ ಬೇಸಿಗೆಯಲ್ಲಿ ನನಗೆ ನಿದ್ದೆ ಬಿಟ್ಟುಹೋಗಿತ್ತು. ಬಣವೆಯ ಒಳಗೆ ಗಂಡಸರು ಕೂತು ನನ್ನ ಮಗನನ್ನು ಹೇಗೆ ಮುಗಿಸಬೇಕೆಂದು ಪಿಸುಗುಡುತ್ತಿದ್ದರು. ಅಂಥವರು ಯಾರೂ ಇರಲಿಲ್ಲ ಎಂದು ಈಗ ಗೊತ್ತು. ಆದರೆ ನಾನು ಕೇಳಿದ್ದು ಸುಳ್ಳಲ್ಲ, ಈ ಕಿವಿಯಿಂದಲೇ ಕೇಳಿದೆ. ಮನೆಯವರು ಹರಕೆ ಹೊತ್ತರು, ತಾಯತ ಕಟ್ಟಿಸಿದರು. ಡಾಕ್ಟರ ಹತ್ತಿರ ಹೋದರೆ ಊರೆಲ್ಲ ಗೊತ್ತಾಗುತ್ತದೆ ಎಂದು ಹೋಗಲಿಲ್ಲ. ಒಂದು ಮಧ್ಯಾಹ್ನ ಎಲ್ಲರೂ ಹೊಲಕ್ಕೆ ಹೋಗಿದ್ದಾಗ ಕಡ್ಡಿ ಗೀರಿದೆ.

ಹೊಗೆ ಕಂಡು ಮೊದಲು ಓಡಿ ಬಂದವಳು ನೆಗೆಣ್ಣಿ. ಕುಡುಗೋಲು ಹಿಡಿದು ಎತ್ತಿನ ಹಗ್ಗ ಕೊಯ್ಯಲು ಒಳಗೆ ನುಗ್ಗಿದಳು. ಎತ್ತು ಉಳಿಯಲಿಲ್ಲ. ಆಕೆಯ ಎಡಗೈ ಸುಟ್ಟು ಮೂರು ಬೆರಳು ಒಂದಕ್ಕೊಂದು ಕೂಡಿಕೊಂಡವು.

ಮೊದಲು ಜೈಲು, ಆಮೇಲೆ ಹುಚ್ಚರ ಆಸ್ಪತ್ರೆ. ತಲೆ ತಿಳಿಯಾದ ಮೇಲೆ ಬೈಲಹೊಂಗಲದ ಕೋರ್ಟು. ಕೋರ್ಟಿನ ಎದುರಿನ ಚಹಾದ ಅಂಗಡಿಯಲ್ಲಿ ಕೂಡಿಸಿ ನಮ್ಮ ವಕೀಲ ತಿಳಿಸಿ ಹೇಳಿದ.

"ಯವ್ವಾ, ಬೆಂಕಿ ಹಚ್ಚೀರೋ ಇಲ್ಲೋ ಅನ್ನೂದು ಈಗ ಮಾತಲ್ಲ. ಅದು ಎಲ್ಲಾರಿಗೂ ಗೊತ್ತೈತಿ. ಆ ಹೊತ್ತಿನ್ಯಾಗ ಏನ್ ಮಾಡಾಕತ್ತೇನಿ, ಅದು ತಪ್ಪು ಅನ್ನೂದು ನಿಮಗ ತಿಳೀತಿತ್ತೇನು? ಕೋರ್ಟಿಗೆ ಬೇಕಾಗಿದ್ದು ಇದೊಂದ."

"ಸ್ವಲ್ಪ ತಿಳೀತಿತ್ರಿ" ಎಂದೆ.

ಅವನು ಚಹಾದ ಕಪ್ಪು ಕೆಳಗಿಟ್ಟ. "ಸ್ವಲ್ಪ ಗಿಲ್ಪ ಇಲ್ಲಿ ನಡಿಯೂದಿಲ್ಲ. ನೆನಪಿಲ್ಲ ಅಂದ್ಬಿಡ್ರಿ. ಮುಂದಿಂದು ನಾ ನೋಡ್ಕೋತೇನಿ."

ಜಡ್ಜ್ ಸಾಹೇಬರು ಕೇಳಿದಾಗ ನೆನಪಿಲ್ಲ ಎಂದೆ.

ನನ್ನನ್ನು ಉಳಿಸಿದ್ದು ಆ ಮಾತಲ್ಲ, ನೆಗೆಣ್ಣಿ. ಸುಟ್ಟ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಸಾಕ್ಷಿಯ ಕಟಕಟೆಯಲ್ಲಿ ನಿಂತು, ದೇವರ ಮೇಲೆ ಆಣೆ ಮಾಡಿ ಹೇಳಿದಳು: "ಅಕ್ಕಗ ಏನೂ ತಿಳೀತಿದ್ದಿಲ್ಲರಿ ಸಾಹೇಬ್ರ. ತನ್ನದ್ಯಾವುದು, ಮಂದೀದ್ಯಾವುದು ಅನ್ನೂದೂ ಗೊತ್ತಿದ್ದಿಲ್ಲ."

ಸರಕಾರಿ ವಕೀಲ ಸಿಟ್ಟಿಗೆದ್ದ. "ನಿನ್ನ ಕೈ ಸುಟ್ಟಾಕಿ ಪರವಾಗಿ ಮಾತಾಡತಿ ಏನು?"

"ಆಕಿ ಸುಟ್ಟಿಲ್ಲರಿ. ಆಕಿ ಬ್ಯಾನಿ ಸುಟ್ಟೈತಿ."

ಡಾಕ್ಟರೂ ಬಂದು ಹಾಗೇ ಹೇಳಿದರು. ಮಾಡಿದ್ದು ಹೌದು, ಆದರೆ ಬುದ್ಧಿ ಸ್ವಾಧೀನದಲ್ಲಿರಲಿಲ್ಲ, ಆದ್ದರಿಂದ ಅಪರಾಧವಲ್ಲ ಎಂದು ತೀರ್ಪಾಯಿತು. ಮಗ ತನ್ನ ಜವಾಬ್ದಾರಿ ಎಂದು ಸಹಿ ಮಾಡಿ ಮನೆಗೆ ಕರೆದುಕೊಂಡು ಬಂದ.

ಕೋರ್ಟಿನಲ್ಲಿ ಯಾರೂ ಕೇಳದ ಮಾತು ಒಂದಿತ್ತು. ಕಡ್ಡಿ ಗೀರುವ ಮೊದಲು ನಾನು ಕೊಟ್ಟಿಗೆಗೆ ಹೋಗಿ ನನ್ನ ಆಕಳ ಕಣ್ಣಿ ಬಿಚ್ಚಿದ್ದೆ. ಹಿತ್ತಲದ ಬೇವಿನ ಗಿಡಕ್ಕೆ ಒಯ್ದು ಕಟ್ಟಿದೆ, ಬಿಗಿಯಾಗಿದೆಯೇ ಎಂದು ಹಗ್ಗ ಜಗ್ಗಿಯೂ ನೋಡಿದೆ. ಎತ್ತು ಎರಡೂ ಪಕ್ಕದಲ್ಲೇ ನಿಂತು ಮೆಲುಕು ಹಾಕುತ್ತಿದ್ದವು. ಅವುಗಳನ್ನು ಬಿಚ್ಚಲಿಲ್ಲ. ಮುಂಜಾನೆ ಮೇಯಲು ಬಿಟ್ಟವರು ಯಾರೋ ಆಕಳನ್ನು ಅಲ್ಲೇ ಕಟ್ಟಿರಬೇಕು ಎಂದು ಎಲ್ಲರೂ ತಿಳಿದರು. ಪಿಸುಮಾತು ಕೇಳಿದ್ದೂ ಅದೇ ತಲೆ, ಆಕಳು ಬಿಚ್ಚಿದ್ದೂ ಅದೇ ತಲೆ. ಇದನ್ನು ಹೇಗೆ ಹೊಂದಿಸಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

ಮನೆಗೆ ಬಂದ ಮೇಲೆ ನನಗೆ ಬೈಯುವವರೇ ಇಲ್ಲದಂತಾಯಿತು. ಸಾರಿಗೆ ಎರಡು ಸಲ ಉಪ್ಪು ಹಾಕಿದರೂ ಸೊಸೆ ಸುಮ್ಮನೆ ಉಂಡಳು. ಎದುರುಮನೆಯವಳ ಕೋಳಿ ನನ್ನ ಹಪ್ಪಳ ಕೆದರಿತು ಎಂದು ನಾನೇ ಜಗಳ ತೆಗೆದೆ. ಆಕೆ ಸೆರಗು ಸಿಕ್ಕಿಸಿಕೊಂಡು ಬಾಯಿ ಶುರುಮಾಡಿದವಳು ನಡುವೆಯೇ ನಿಲ್ಲಿಸಿದಳು. "ಹೋಗ್ಲಿ ಬಿಡವಾ, ಪಾಪ, ನಿನ್ನ ಕೂಡ ಏನ್ ಜಗಳಾ" ಎಂದು ಕೋಳಿ ಹಿಡಿದುಕೊಂಡು ಒಳಗೆ ಹೋದಳು. ನನಗೆ ಕಪಾಳಕ್ಕೆ ಹೊಡೆದಂತಾಯಿತು.

ನೆಗೆಣ್ಣಿಯದಂತೂ ಕೇಳುವುದೇ ಬೇಡ. ಸೊಟ್ಟ ಕೈಯಲ್ಲಿ ರೊಟ್ಟಿ ಬಡಿದು ಮೊದಲ ರೊಟ್ಟಿ ನನಗೆ ಕಳಿಸುತ್ತಿದ್ದಳು. ಅದನ್ನು ತಿನ್ನಬಾರದು ಅನಿಸುತ್ತಿತ್ತು. ತಿನ್ನದೇ ಬಿಡುತ್ತಲೂ ಇರಲಿಲ್ಲ.

ಮೊದಲು ಮಗನಿಗೆ ಹೇಳಿದೆ, ಆಕಳು ಬಿಚ್ಚಿದವಳು ನಾನೇ ಎಂದು. ಅವನು ಮರುವಾರವೇ ಬಸ್ಸು ಹತ್ತಿಸಿ ಡಾಕ್ಟರ ಹತ್ತಿರ ಒಯ್ದ. ಡಾಕ್ಟರು ಒಳ್ಳೆಯವರು, ಕುರ್ಚಿ ಹತ್ತಿರ ಎಳೆದುಕೊಂಡು ಪೂರ್ತಿ ಕೇಳಿದರು. ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ ಎಂದು ಕೇಳಿದರು. ತನ್ನದಲ್ಲದ ತಪ್ಪನ್ನೂ ತನ್ನ ಮೇಲೆ ಹಾಕಿಕೊಳ್ಳುವುದು ಈ ಬೇನೆಯಲ್ಲಿ ಇರುತ್ತದೆ ಎಂದು ಮಗನಿಗೆ ಹೇಳಿ, ಗುಳಿಗೆ ಒಂದು ಹೆಚ್ಚು ಮಾಡಿದರು. ಗುಳಿಗೆಯಿಂದ ನಿದ್ದೆ ಚೆನ್ನಾಗಿ ಬಂತು. ಎದ್ದ ಮೇಲೂ ಆಕಳು ಬಿಚ್ಚಿದ್ದು ಬಿಚ್ಚಿದ್ದೇ ಆಗಿತ್ತು.

ಆರು ವರ್ಷದ ಹಿಂದೆ, ನಾನು ಹೇಳುತ್ತಿರುವ ಆ ದಿನ, ನೆಗೆಣ್ಣಿಯ ಕಟ್ಟೆಯ ಮೇಲೆ ಬಿತ್ತಲು ಶೇಂಗಾ ಸುಲಿಯುತ್ತ ಕೂತಿದ್ದೆವು. ಕೂಡಿಕೊಂಡ ಬೆರಳಿನಿಂದ ಕಾಯಿ ಜಾರಿ ಜಾರಿ ಬೀಳುತ್ತಿತ್ತು. ಆಕೆಯ ಮುಂದಿನ ರಾಶಿಯನ್ನು ನನ್ನ ಕಡೆ ಎಳೆದುಕೊಂಡೆ. ಆಕೆ ತಿರುಗಿ ಎಳೆದುಕೊಂಡಳು.

"ಇರ್ಲಿ ಬಿಡಕ್ಕಾ, ನಿನಗ ದಣಿವಾಗತೈತಿ."

ಆಗ ಹೇಳಿದೆ. "ಆವತ್ತ ಆಕಳ ಬಿಚ್ಚಿದಾಕಿ ನಾನ. ಬಿಚ್ಚಿ ಗಿಡಕ್ಕ ಕಟ್ಟಿ ಬಂದು, ಆಮ್ಯಾಲೆ ಬೆಂಕಿ ಹಚ್ಚೇನಿ."

"ಮುಂಜಾನಿ ಗುಳಿಗಿ ತಗೊಂಡಿಲ್ಲೇನು?"

"ತಗೊಂಡೇನಿ. ಕಣ್ಣಿ ಎರಡ ಸುತ್ತ ಹಾಕಿ ಕಟ್ಟಿದ್ನಿ. ಸಂಜಿಕ ನಿನ್ನ ಗಂಡ ಬಿಚ್ಚಾಕ ಹೋದಾಗ ಗಂಟ ಬಿಚ್ಚಲಿಲ್ಲ ಅಂತ ಕೊಯ್ದನಂತ, ನೀನ ಹೇಳಿದ್ದಿ. ನೆನಸ್ಕೋ."

ಆಕೆ ಕೈಯಲ್ಲಿದ್ದ ಕಾಯಿ ಮೊರಕ್ಕೆ ಹಾಕಲಿಲ್ಲ. ದನ ಕಟ್ಟಿ ಬಿಚ್ಚಿ ಬಾಳಿದ ಹೆಂಗಸು, ಎಲ್ಲ ತಿಳಿಯಿತು.

"ನನ್ನ ಎತ್ತು ನಿನ್ನ ಕಣ್ಣಿಗೆ ಬಿದ್ದಿದ್ವು?"

"ಬಿದ್ದಿದ್ವು."

"ಮತ್ತ್ಯಾಕ ಬಿಚ್ಚಲಿಲ್ಲ?"

ಏನಾದರೂ ನೆವ ಮಾಡಿ ಹೇಳಬಹುದಿತ್ತು. ಬಣವೆಯೊಳಗಿನ ಗಂಡಸರು ಬೇಡ ಎಂದರು ಎನ್ನಬಹುದಿತ್ತು. ಹಾಗೆ ಅವರು ಅಂದಿರಲಿಲ್ಲ.

"ಅವು ನನ್ನವಲ್ಲ ಅಂತ."

ಮೊರ ಎತ್ತಿ ಒಗೆದಳು. ಶೇಂಗಾ ಅಂಗಳದ ತುಂಬ ಚೆಲ್ಲಾಡಿತು. "ಏಳ! ನನ್ನ ಕಟ್ಟಿ ಬಿಟ್ಟು ಇಳಿ! ಹಲ್ಕಟ್ ಹೆಂಗಸ, ದೇವರ ಮ್ಯಾಲೆ ಆಣಿ ಮಾಡಿ ನಿನ್ನ ಸಲವಾಗಿ ಹೇಳೇನಿ ನಾನು! ತನ್ನದ್ಯಾವುದು ಮಂದೀದ್ಯಾವುದು ಗೊತ್ತಿಲ್ಲ ಅಂತ ಹೇಳೇನಿ! ನನ್ನ ಬಾಯಿಲೆ ಸುಳ್ಳ ಹೇಳಿಸಿ ಇಷ್ಟ ದಿನ ನನ್ನ ಕೈ ರೊಟ್ಟಿ ತಿಂದಿ!"

ನಡುಗೋಡೆಯ ಆಚೆಯಿಂದ ಮಗ ಓಡಿ ಬಂದ. "ಚಿಗವ್ವಾ, ಬ್ಯಾಡ, ಅವ್ವಗ ಏನೂ ತಿಳಿಯೂದಿಲ್ಲ."

"ತಿಳೀತೈತಿ! ನಿಮ್ಮವ್ವಗ ಎಲ್ಲಾ ತಿಳೀತೈತಿ!"

ನಾನು ಕಟ್ಟೆ ಇಳಿದೆ. ಮಗ ರಟ್ಟೆ ಹಿಡಿದು ಮನೆಗೆ ತಂದು ಕೂಡಿಸಿದ. ಹೇಳಿದರೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ನನ್ನ ಭಾರ ಇದ್ದಷ್ಟೇ ಇತ್ತು, ಈಗ ಆಕೆಗೂ ಒಂದು ಸುಳ್ಳು ಆಣೆಯ ಭಾರ ಹೊರಿಸಿ ಬಂದಿದ್ದೆ. ಗೋಡೆಯ ಆಚೆ ಆಕೆ ಅಳುತ್ತಿದ್ದಳು. ಎತ್ತು ಸತ್ತಾಗಲೂ ಆಕೆ ಅತ್ತದ್ದನ್ನು ನಾನು ಕೇಳಿರಲಿಲ್ಲ, ಆಗ ನನ್ನನ್ನು ಪೊಲೀಸರು ಒಯ್ದಿದ್ದರು. ಆವತ್ತು ಅಲ್ಲಿಂದ ರೊಟ್ಟಿ ಬರಲಿಲ್ಲ.

ಮರುದಿನ ಮುಂಜಾನೆ ನಳಕ್ಕೆ ನೀರು ಬಿಡುವ ದಿನ. ನಾನು ಕೊಡ ತೆಗೆದುಕೊಂಡು ಹೋದೆ. ಆಸ್ಪತ್ರೆಯಿಂದ ಬಂದಾಗಿನಿಂದ ಹೆಂಗಸರು ನನ್ನನ್ನು ಪಾಳಿಗೆ ನಿಲ್ಲಿಸುತ್ತಿರಲಿಲ್ಲ. ಕರುಣೆಯೋ ಅಂಜಿಕೆಯೋ, ಎಲ್ಲರೂ ಸರಿದು ದಾರಿ ಬಿಡುತ್ತಿದ್ದರು. ಆವತ್ತೂ ಬಿಟ್ಟರು. ನಳದ ಕೆಳಗೆ ಕೊಡ ಇಟ್ಟೆ. ನೆಗೆಣ್ಣಿ ಬಂದು ಅದನ್ನು ಎತ್ತಿ ಬದಿಗಿಟ್ಟಳು, ನನ್ನ ಮುಖ ನೋಡಲಿಲ್ಲ.

"ಪಾಳಿ ಐತಿ ಇಲ್ಲೆ. ಹಿಂದ ಹೋಗಿ ನಿಂದ್ರು."

"ಬಿಡವಾ, ಪಾಪ" ಎಂದಳು ಯಾರೋ.

"ಏನ್ ಪಾಪ? ಕಾಲ ಗಟ್ಟಿ ಅದಾವ, ನಿಂದ್ರತಾಳ."

ಎಲ್ಲರೂ ನನ್ನನ್ನೇ ನೋಡಿದರು. ಕೊಡ ಎತ್ತಿಕೊಂಡು ಹೋಗಿ ಎಲ್ಲರ ಹಿಂದೆ ನಿಂತೆ. ನನ್ನ ಪಾಳಿ ಬರುವಷ್ಟರಲ್ಲಿ ನೀರಿನ ಧಾರೆ ಸಣ್ಣಗಾಗಿತ್ತು. ಸಿಕ್ಕಷ್ಟು ಹಿಡಿದುಕೊಂಡು ಮನೆಗೆ ಬಂದೆ.