ಎಲ್ಲರಿಗೂ ಒಂದೇ ನಮೂನೆ

ವಿಲ್ಮಾ ಟೆರ್‌ಹಾರ್ ಕೆಟ್ಟವಳಲ್ಲ, ದಡ್ಡಿಯೂ ಅಲ್ಲ. ನಮ್ಮ ಜೀಲ್ಯಾಂಡ್ ಊರಿನಲ್ಲಿ ಇವತ್ತಿಗೂ ಅವಳನ್ನು ಆಡಿಕೊಳ್ಳುವವರಿದ್ದಾರಲ್ಲ, ಅವರ ಬಾಯಿಗೆ ಮಣ್ಣು ಹಾಕ!

ಬೂರ್ಸ್ಮಾ ಸ್ಪ್ರಿಂಗ್ ಕಾರ್ಖಾನೆಯಲ್ಲಿ ಅವಳು ಗುಮಾಸ್ತೆ, ನಾನು ಲಾರಿ ತುಂಬಿಸುವ ಕಟ್ಟೆಯ ಮೇಸ್ತ್ರಿ. ಕಾರಿನ ಸೀಟಿನ ಸ್ಪ್ರಿಂಗು ಮಾಡಿ ಒಂಬತ್ತು ಕಂಪನಿಗಳಿಗೆ ಕಳಿಸುತ್ತಿದ್ದೆವು. ಮಾಲಿನ ಜೊತೆ ಹೋಗಬೇಕಾದ ಚೀಟಿ ಒಂಬತ್ತಕ್ಕೂ ಒಂಬತ್ತು ಬಗೆ. ಮಾಲು ಹೊರಟ ಸುದ್ದಿಯನ್ನು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಕಳಿಸುವ ಕಾಲ ಬಂದರೂ ಅದೇ ರಗಳೆ. ಕೊನೆಗೆ ಎಲ್ಲರಿಗೂ ಒಂದೇ ನಮೂನೆ ಇರಲಿ ಎಂದು ಕೊಳ್ಳುವವರೂ ಮಾರುವವರೂ ಸೇರಿ ಸಮಿತಿ ಮಾಡಿಕೊಂಡರು. ಸಣ್ಣ ಕಾರ್ಖಾನೆಗಳ ಪರವಾಗಿ ವಿಲ್ಮಾ ಹೋದಳು. ನಾಲ್ಕು ವರ್ಷ, ತಿಂಗಳಿಗೊಮ್ಮೆ, ಹಿಮ ಸುರಿಯುತ್ತಿದ್ದರೂ ಡೆಟ್ರಾಯಿಟ್‌ಗೆ ಕಾರು ಓಡಿಸಿಕೊಂಡು ಹೋಗುವಳು. ತೂಕ ಯಾವ ಸಾಲಿನಲ್ಲಿ, ಪೆಟ್ಟಿಗೆಯ ಸಂಖ್ಯೆ ಯಾವ ಸಾಲಿನಲ್ಲಿ ಎಂದು ಜಗಳವಾಡಿ ಗೆದ್ದು ಬಂದು ನಮಗೆ ಹೇಳುವಾಗ ಅವಳ ಮುಖ ನೋಡಬೇಕಿತ್ತು.

ತೊಂಬತ್ತೊಂದರಲ್ಲಿ ನಮೂನೆ ಪಾಸಾಯಿತು. ಸಮಿತಿಯ ಅಧ್ಯಕ್ಷ ಕ್ಲೇಟನ್, ನಮ್ಮ ಅತಿ ದೊಡ್ಡ ಗಿರಾಕಿ ಕಂಪನಿಯವನು, ಎಲ್ಲರಿಗಿಂತ ಮೊದಲು ಕೈ ಎತ್ತಿದನಂತೆ. ಆರೇ ತಿಂಗಳಿಗೆ ಅವನ ಕಂಪನಿಯಿಂದ ಇನ್ನೂರು ಪುಟದ ಕೈಪಿಡಿ ಬಂತು. ನಮೂನೆ ಅದೇ, ಆದರೆ ತಮ್ಮ ಕಂಪನಿಗೆ ಮಾಲು ಕಳಿಸುವವರು ತೂಕದ ಸಾಲಿನಲ್ಲಿ ಪೆಟ್ಟಿಗೆಯ ಸಂಖ್ಯೆ ಬರೆಯತಕ್ಕದ್ದು! ಉಳಿದ ಎಂಟು ಕಂಪನಿಗಳೂ ತಮ್ಮ ತಮ್ಮ ಕೈಪಿಡಿ ಅಚ್ಚು ಹಾಕಿಸಿದವು. ಸಭೆಯಲ್ಲಿ ಕೈ ಎತ್ತುವುದು, ಮನೆಗೆ ಹೋಗಿ ತಮ್ಮದೇ ಕಾನೂನು ಬರೆದುಕೊಳ್ಳುವುದು, ಇದು ಈ ವ್ಯಾಪಾರದವರ ಸಂಪ್ರದಾಯ. ಥೂ!

ವಿಲ್ಮಾ ಪಟ್ಟು ಬಿಡಲಿಲ್ಲ, ಸಮಿತಿಯ ನಮೂನೆಯಂತೆಯೇ ಕಳಿಸಿದಳು. ಕ್ಲೇಟನ್ ಕಂಪನಿಯ ಕಂಪ್ಯೂಟರು ಒಪ್ಪಲಿಲ್ಲ. ಎರಡು ಸಲ ಲಾರಿ ತುಂಬಿದ್ದು ತುಂಬಿದ ಹಾಗೇ ವಾಪಸು ಬಂತು. ಇನ್ನೊಮ್ಮೆ ಹೀಗಾದರೆ ಮಾಲು ಕೊಡುವವರ ಪಟ್ಟಿಯಿಂದ ನಿಮ್ಮ ಹೆಸರು ತೆಗೆಯುತ್ತೇವೆ ಎಂದು ಕಾಗದವೂ ಬಂತು. ಆ ಕೆಲಸ ಹೋದರೆ ನಮ್ಮ ಎರಡನೇ ಪಾಳಿಯ ಮೂವತ್ತೆಂಟು ಜನ ಮನೆಗೆ.

ಮೂರನೆಯ ಲಾರಿ ತುಂಬಿ ನಿಂತಿತ್ತು. ವಿಲ್ಮಾ ನನ್ನ ಕಟ್ಟೆಯಿಂದಲೇ ಸ್ಪೀಕರ್ ಹಾಕಿ ಕ್ಲೇಟನ್‌ಗೆ ಫೋನು ಮಾಡಿದಳು.

"ಸಮಿತಿ ಪುಸ್ತಕದಲ್ಲಿ ಇರೋ ಹಾಗೇ ಕಳ್ಸು ವಿಲ್ಮಾ. ನಾನಿದೀನಲ್ಲ, ಇಲ್ಲಿ ಒಳಗೆ ಹೇಳ್ತೀನಿ," ಎಂದ ಅವನು.

ಅವಳು ಫೋನಿಟ್ಟು ನನ್ನ ಕಡೆ ತಿರುಗಿದಳು. "ಏನ್ ಮಾಡೋಣ ಲೆಸ್ಟರ್? ಅವರ ಕೈಪಿಡಿ ಥರ ಬರೀಬೇಕಂದ್ರೆ ಎರಡು ದಿನ ಬೇಕು. ಬೇಕಾದ್ರೆ ಲಾರಿ ನಿಲ್ಸು, ಬರೀತೀನಿ."

"ಅಧ್ಯಕ್ಷನೇ ಮಾತು ಕೊಟ್ಟಿದಾನಲ್ಲೇ ಮಾರಾಯ್ತಿ, ಇನ್ನೇನ್ ಬೇಕು? ಒಂದ್ಸಲ ಬಗ್ಗಿದ್ರೆ ಒಂಬತ್ತು ಜನಕ್ಕೂ ಬಗ್ತಾನೇ ಇರ್ಬೇಕು. ಸುಮ್ನೆ ಕಳ್ಸು!" ಎಂದು ಲಾರಿ ಬಿಟ್ಟವನು ನಾನು.

ಮರುದಿನ ಲಾರಿ ವಾಪಸು ಬಂತು.

"ಮಾತು ಕೊಟ್ಟಿದ್ರಲ್ಲ ಕ್ಲೇಟನ್?" ವಿಲ್ಮಾ ಮತ್ತೆ ಸ್ಪೀಕರ್ ಹಾಕಿ ಫೋನಿನಲ್ಲಿ ಕೇಳಿದಳು.

"ಸಮಿತೀಲಿ ನಾನು ಎಲ್ಲರ ಪರವಾಗಿ ಮಾತಾಡ್ತೀನಿ. ಇಲ್ಲಿ ಕಂಪನಿ ಪರವಾಗಿ. ಇಷ್ಟು ವರ್ಷ ಕೂತಿದ್ಯಲ್ಲ ನಮ್ಜೊತೆ, ಅಷ್ಟೂ ತಿಳಿಯಲ್ವಾ?"

ಸಂಜೆಯ ಹೊತ್ತಿಗೆ ನಮ್ಮ ಯಜಮಾನ ಹಾರ್ಮ್ ಬೂರ್ಸ್ಮಾ ಕಟ್ಟೆಗೆ ಬಂದ. ಪಟ್ಟಿಯಿಂದ ಹೆಸರು ತೆಗೆದ ಕಾಗದ ಅವನ ಕೈಯಲ್ಲಿತ್ತು.

"ಲಾರಿ ಬಿಡಿ ಅಂದೋರು ಯಾರು?"

ವಿಲ್ಮಾ ನನ್ನನ್ನು ನೋಡಿದಳು. ನಾನು ಲಾರಿಯ ಚಕ್ರ ನೋಡಿದೆ. ಮನೆಯಲ್ಲಿ ಮೂರು ಮಕ್ಕಳು, ಎರಡನೇ ಪಾಳಿಯಲ್ಲಿ ನನ್ನ ಭಾವಮೈದುನ.

"ನಾನೇ," ಎಂದಳು ಅವಳು.

ಆ ಶುಕ್ರವಾರ ಮೂವತ್ತೆಂಟು ಜನ ಹೊರಟರು. ಇಪ್ಪತ್ತೆರಡು ವರ್ಷ ದುಡಿದ ವಿಲ್ಮಾಳೂ ಅವರ ಜೊತೆ. "ನಮ್ಮ ಅನ್ನಕ್ಕೆ ಕಲ್ಲು ಹಾಕಿದ್ಯಲ್ಲೇ!" ಎಂದು ನನ್ನ ಭಾವಮೈದುನನೇ ಅವಳ ಮುಖಕ್ಕೆ ಅಂದ. ನಾನು ಅಲ್ಲೇ ನಿಂತಿದ್ದೆ.

ಅವಳ ಮೇಜನ್ನು ಈಗ ನನಗೇ ಕೊಟ್ಟಿದ್ದಾರೆ. ಯಾವ ಕಂಪನಿಗೆ ಯಾವ ಸಾಲಿನಲ್ಲಿ ಏನು ಎಂಬುದೆಲ್ಲ ಬಾಯಿಪಾಠ. ಭಾನುವಾರ ಚರ್ಚಿನಲ್ಲಿ ಎದುರಾದರೆ ವಿಲ್ಮಾ, "ಹೇಗಿದೀಯ ಲೆಸ್ಟರ್?" ಎನ್ನುತ್ತಾಳೆ. "ಚೆನ್ನಾಗಿದೀನಿ" ಎನ್ನುತ್ತೇನೆ. ಕ್ಲೇಟನ್ ಮಾತಿಗೆ ತಪ್ಪಿದ ಎಂದು ಸಿಕ್ಕಿದವರ ಹತ್ತಿರವೆಲ್ಲ ಬಾಯಿ ತುಂಬ ಬೈಯುತ್ತೇನೆ. ಲಾರಿ ಬಿಟ್ಟವನು ನಾನು ಎಂದು ಮಾತ್ರ ಇವತ್ತಿನವರೆಗೆ ಒಬ್ಬರಿಗೂ ಹೇಳಿಲ್ಲ.