ಎಣಿಸದ ವಾರ

ಮಗುವನ್ನು ಮುಟ್ಟುವ ಮುನ್ನ ಅವರು ಎರಡೂ ಅಂಗೈಗಳನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳುತ್ತಾರೆ. ಮಕ್ಕಳ ಫಿಸಿಯೋಥೆರಪಿ ಕೋಣೆಯ ಹೊರಗೆ ಬೆಂಚಿನ ಮೇಲೆ ಕಾಯುವ ತಾಯಂದಿರೆಲ್ಲ ಅವರನ್ನು ಕರೆಯುವುದೇ ‘ಬೆಚ್ಚನೆ ಕೈ ಅಕ್ಕ’ ಎಂದು. ವಯಸ್ಸು ಐವತ್ತು ದಾಟಿದೆ. ನೆಲಕ್ಕೆ ಕೂರುವಾಗ ಮಂಡಿ ಲಟಕ್ಕೆನ್ನುತ್ತದೆ.

“ಮೊದಲು ನಿಮ್ಮ ಕಾಲು ರಿಪೇರಿ ಮಾಡ್ಕೊಳ್ಳಿ ತಾಯಿ,” ಎಂದು ನಮ್ಮತ್ತೆ, ನನ್ನ ಮಗಳನ್ನು ಕರೆದುಕೊಂಡು ಹೋದ ಮೊದಲ ದಿನವೇ ಅಂದುಬಿಟ್ಟರು. ನನಗೆ ಎಲ್ಲಾದರೂ ಅಡಗಿಕೊಳ್ಳೋಣ ಅನ್ನಿಸಿತು.

“ಮಾಡ್ಕೋಬೇಕಮ್ಮ. ಹೇಳಿದ ಮಾತು ಕೇಳದ ಪೇಷೆಂಟು ಅಂದ್ರೆ ನಾನೇ,” ಎಂದು ಅಕ್ಕ ನಕ್ಕರು.

ಹಿಂದೆ ಅವರು ಮೂಳೆ ಮುರಿದ ದೊಡ್ಡವರಿಗೆ ವ್ಯಾಯಾಮ ಮಾಡಿಸುತ್ತಿದ್ದರಂತೆ. ಯಾಕೆ ಬಿಟ್ಟಿರಿ ಎಂದರೆ, “ದೊಡ್ಡವರು ಮನೇಲಿ ಬೆರಳೂ ಅಲ್ಲಾಡಿಸದೆ ಬಂದು ಎಲ್ಲಾ ಮಾಡಿದ್ವಿ ಅಂತಾರೆ. ಮಕ್ಕಳಿಗೆ ಸುಳ್ಳು ಬರಲ್ಲ,” ಎಂದರು. ಇಪ್ಪತ್ತು ವರ್ಷದಿಂದ ಇದೇ ಕೋಣೆ. ನೀಲಿ ಚಾಪೆ, ಗಾಳಿ ತುಂಬಿದ ದೊಡ್ಡ ಚೆಂಡು, ತೆವಳುವ ಮಗುವಿಗೆ ಮುಖ ಕಾಣುವಷ್ಟು ಕೆಳಗೆ ಹಚ್ಚಿದ ಕನ್ನಡಿ.

ನನ್ನ ಮಗಳಿಗೆ ಹತ್ತು ತಿಂಗಳು. ಎಡಗೈ ಮುಷ್ಟಿ ಬಿಚ್ಚುತ್ತಿರಲಿಲ್ಲ, ಮಗುಚಿಕೊಳ್ಳುತ್ತಲೂ ಇರಲಿಲ್ಲ. ಎದುರುಮನೆಯ ಎಂಟು ತಿಂಗಳ ಕೂಸು ಅಂಬೆಗಾಲಿಡುವುದನ್ನು ಕಂಡರೆ ನಾನು ಕಿಟಕಿ ಹಾಕಿಬಿಡುತ್ತಿದ್ದೆ. ಮನೆಯಲ್ಲಿ ದಿನಕ್ಕೆ ಎರಡು ಹೊತ್ತು, ಹತ್ತು ಹತ್ತು ಸಲ ವ್ಯಾಯಾಮ ಮಾಡಿಸಿ ಎಂದಿದ್ದರು ಅಕ್ಕ. ಹತ್ತರಿಂದ ಗುಣವಾಗುವುದು ಮೂವತ್ತರಿಂದ ಬೇಗ ಆಗಬೇಕಲ್ಲವೇ? ಯಾರಿಗೂ ಹೇಳದೆ ಐದು ಹೊತ್ತು, ಮೂವತ್ತು ಸಲ ಮಾಡಿಸಿದೆ.

ಮೂರನೆಯ ವಾರ ಅಕ್ಕ ನೀಲಿ ಚಾಪೆ ಬಿಚ್ಚುತ್ತಲೇ ಮಗಳು ಕಿರುಚಿದಳು. ನಾನು ಕೈ ಚಾಚಿದರೆ ನಮ್ಮತ್ತೆಯ ಹೆಗಲಿನಲ್ಲಿ ಮುಖ ಹುದುಗಿಸಿದಳು.

ಅಕ್ಕ ಚಾಪೆ ಸುತ್ತಿಟ್ಟರು. “ಮನೇಲಿ ಎಷ್ಟು ಸಲ?”

“ಹತ್ತೇ,” ಎಂದೆ.

ಅವರು ಮಗಳ ಬೆನ್ನ ಮೇಲೆ ಕೈಯಿಟ್ಟು ಬಿಕ್ಕಳಿಕೆ ನಿಲ್ಲುವವರೆಗೆ ನಿಂತೇ ಇದ್ದರು. ನನಗೆ ತಡೆಯಲಾಗಲಿಲ್ಲ, ನಿಜ ಹೇಳಿದೆ.

“ಒಂದು ವಾರ ಏನೂ ಮಾಡಿಸ್ಬೇಡಿ,” ಎಂದರು. “ಎತ್ಕೊಳ್ಳಿ, ಮುದ್ದು ಮಾಡಿ. ಅವಳ ಎಡಗಡೆ ಸುಮ್ನೆ ಬಿದ್ಕೊಳ್ಳಿ.”

“ಅಷ್ಟರಲ್ಲಿ ಹಿಂದೆ ಬಿದ್ದುಬಿಟ್ರೆ?”

“ಬೀಳಲ್ಲ. ಅವಳು ನಿಮ್ಮನ್ನ ಕಂಡು ಹೆದರಿದ್ರೆ ನನ್ನ ಕೈಲೂ ಏನೂ ಆಗಲ್ಲ.”

“ಸುಮ್ನಿರೋದಾ? ನಮ್ಮ ಸೊಸೆಗೆ ಭಾರೀ ಕಷ್ಟದ ವ್ಯಾಯಾಮ ಕೊಟ್ರಿ,” ಎಂದರು ನಮ್ಮತ್ತೆ.

ಎರಡು ದಿನ ಮಗಳು ನನ್ನ ಹತ್ತಿರ ಬರಲಿಲ್ಲ. ಮೂರನೆಯ ದಿನ ತೊಡೆಯ ಮೇಲೆ ನಿದ್ದೆ ಹೋದಳು. ಐದನೆಯ ದಿನ ಮಧ್ಯಾಹ್ನ ಅವಳ ಎಡಕ್ಕೆ ಮಲಗಿದ್ದ ನನಗೇ ಜೊಂಪು ಹತ್ತಿತ್ತು. ಯಾರೋ ಕನ್ನಡಕ ಎಳೆದಂತಾಗಿ ಕಣ್ಣು ಬಿಟ್ಟರೆ ಪುಟ್ಟ ಮುಖ ನನ್ನ ಮೂಗಿಗೇ ತಾಗುವಂತಿತ್ತು. ಮಗುಚಿಕೊಂಡಿದ್ದಳು. ಬಲಗೈಯಲ್ಲಿ ನನ್ನ ಕನ್ನಡಕ. ಎಡಮುಷ್ಟಿಯ ಎರಡು ಬೆರಳು ಬಿಚ್ಚಿ ನನ್ನ ಗಲ್ಲಕ್ಕೆ ಒತ್ತಿದ್ದವು. ನಾನು ಮಿಸುಕಲಿಲ್ಲ.

“ಆಮೇಲೆ ಎಷ್ಟು ಸಲ ಮಗುಚಿಕೊಂಡ್ಲು?” ಎಂದು, ವಾರ ಕಳೆದು ಹೋಗಿ ನಡೆದದ್ದನ್ನು ಹೇಳಿದಾಗ ಅಕ್ಕ ಕೇಳಿದರು.

“ಎಣಿಸಲಿಲ್ಲ ಅಕ್ಕ.”

ಅವರು ಚಾಪೆ ಬಿಚ್ಚಿ, ಮಂಡಿ ಲಟಕ್ಕೆನ್ನಿಸುತ್ತ ಕೂತರು. “ಹಾಗಾದ್ರೆ ಇವತ್ತು ನಿಮ್ಮ ಕೈ ಬೆಚ್ಚಗೆ ಮಾಡ್ಕೊಳ್ಳಿ.”

ಅಂಗೈಗಳನ್ನು ಕಂಕುಳಲ್ಲಿಟ್ಟುಕೊಂಡೆ. ಮಗಳು ಚಾಪೆ ನೋಡಿದಳು, ನನ್ನನ್ನು ನೋಡಿದಳು, ನಮ್ಮತ್ತೆಯ ತೋಳಿನಿಂದ ನನ್ನ ಕಡೆಗೆ ವಾಲಿದಳು.