ಬಿಸುನ್ ದೇವ್ ನೋಡುವ ಗೆರೆ

ದ್ವೀಪದೂರು ತವುವಾದ ಕಬ್ಬಿನ ಸಾಲುಗಳ ಮೇಲೆ ಇನ್ನೂ ಬೆಳಕು ಹರಿದಿಲ್ಲ. ಬಿಸುನ್ ದೇವ್ ಆಗಲೇ ತಮ್ಮ ತಗಡಿನ ರಿಪೇರಿ ಶೆಡ್ಡಿನಲ್ಲಿ ಮಂಡಿಯೂರಿದ್ದಾರೆ. ಎದುರಿಗೆ ಟ್ರ್ಯಾಕ್ಟರು, ಅದರ ಹಿಂದೆ ಮಣ್ಣು ಪುಡಿ ಮಾಡಿ ಹದಗೊಳಿಸುವ ರೋಟವೇಟರು. ಟ್ರ್ಯಾಕ್ಟರಿನ ಬಲವನ್ನು ರೋಟವೇಟರಿಗೆ ಒಯ್ಯುವ ಶಾಫ್ಟಿನ ಮೇಲೊಂದು ಹಳದಿ ಪ್ಲಾಸ್ಟಿಕ್ ಕವರು. ಒಳಗಿನ ಶಾಫ್ಟು ಎಷ್ಟೇ ಭರದಿಂದ ತಿರುಗಲಿ, ಕವರು ಅಲುಗಬಾರದು. ರಾಕ್ಷಸನನ್ನು ಮಡಿಲಲ್ಲಿ ಮಲಗಿಸಿಕೊಂಡು ಮಿಸುಕದೆ ಕೂತ ಮುದುಕಿಯ ಹಾಗೆ ಇರಬೇಕು. ಅದನ್ನು ಹಾಗೆ ಹಿಡಿದಿಡುವುದು ಒಂದು ಸಣ್ಣ ಸರಪಳಿ.

ಕವರಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ದೂರ ಸರಿದು, ಟ್ರ್ಯಾಕ್ಟರಿನ ಸೀಟಿನಲ್ಲಿರುವ ನೆರೆಯ ರೈತ ಅಪಿಸಾಯಿಗೆ ಕೈ ಬೀಸುತ್ತಾರೆ. ಶಾಫ್ಟು ತಿರುಗುತ್ತದೆ. ಟಕ್ ಎಂದು ಸರಪಳಿ ಹರಿಯುತ್ತದೆ. ಗೆರೆ ಮಾಯ.

"ಆರಿಸು ಅಪಿ. ಕವರೂ ತಿರುಗ್ತಿದೆ. ಒಳಗಿನ ಬಳೆ ಸವೆದು ಕಚ್ಕೊಂಡಿದೆ. ಪೇಟೆಯಿಂದ ಹೊಸದು ತರಬೇಕು."

"ಇವತ್ತಾ? ಭೈಯಾ, ಇವತ್ತು ನನ್ನ ಸರದಿ."

ಸುತ್ತಲಿನ ಮನೆಗಳಿಗೆಲ್ಲ ಇರುವುದು ಇದೊಂದೇ ರೋಟವೇಟರು. ಸೂರ್ಯ ಮುಳುಗಿದರೆ ಅದು ಮುಂದಿನ ಸರದಿಯ ಹರಿ ನಾರಾಯಣನ ಹೊಲಕ್ಕೆ ಹೋಗುತ್ತದೆ. ಅಪಿಸಾಯಿ ಬಿತ್ತನೆಯ ಕಬ್ಬು ಕಡಿದು ರಾಶಿ ಹಾಕಿಯಾಗಿದೆ. ಗುಡ್ಡದ ಮೇಲೆ ಮೋಡ ಕೂತಿದೆ. ಮಳೆ ಬಿದ್ದರೆ ಈ ಮಣ್ಣಿಗೆ ಯಂತ್ರ ಇಳಿಯುವುದಿಲ್ಲ, ಕಡಿದ ಕಬ್ಬು ಕಾಯುವುದೂ ಇಲ್ಲ.

"ನಾನೀಗ ಸುಲು ಉಡಲ್ಲ, ನೋಡು, ಪ್ಯಾಂಟು. ಶಾಫ್ಟಿಗೆ ಸಿಕ್ಕೊಳ್ಳಲ್ಲ," ಎನ್ನುತ್ತಾನೆ ಅಪಿಸಾಯಿ.

"ಪ್ಯಾಂಟಿನೊಳಗೆ ಕಾಲಿಲ್ವಾ?"

ಬಿಸುನ್ ಹೆಂಡತಿ ರಾಮ್‌ರತಿ ಚಹಾ ತಂದಿಡುತ್ತಾರೆ. "ಜಗಳ ಆಡೋದಿದ್ರೆ ರೋಟಿ ತಿಂದು ಆಡಿ. ಹಸಿದ ಹೊಟ್ಟೇಲಿ ಇಬ್ರಿಗೂ ಮಾತು ಬರಲ್ಲ."

ಲುಂಗಿಯಂತೆ ಸುತ್ತುವ ಆ ಸುಲುವಿನ ಕಥೆ ಊರಿಗೆಲ್ಲ ಬಾಯಿಪಾಠ. ಬಿಸುನ್ ಆಗಿನ್ನೂ ಈ ಶೆಡ್ಡು ಹಾಕಿದ ಹೊಸತು. ಇದೇ ಶಾಫ್ಟಿಗೆ ಹೊಚ್ಚ ಹೊಸ ಕವರು ತೊಡಿಸಿದ್ದರು. ಸರಪಳಿ ಮಾತ್ರ ಇರಲಿಲ್ಲ. ಅಪಿಸಾಯಿ ಮನೆಯವರು ಅದನ್ನು ಬಿಚ್ಚಿ ಮೇಕೆ ಕಟ್ಟಿದ್ದರು. ಇಲ್ಲಿ ಶಾಫ್ಟಿನ ಸರಪಳಿಗಳೆಲ್ಲ ಕೊನೆಗೆ ಸೇರುವುದು ಮೇಕೆಯ ಕೊರಳಿಗೇ. "ಕವರಿದೆಯಲ್ಲ, ಮೇಕೆ ಪಾಪ ಇಟ್ಕೊಳ್ಳಲಿ ಅಂದೆ," ಎನ್ನುತ್ತಾರೆ ಬಿಸುನ್.

ಹೊಲದಲ್ಲಿ ರೋಟವೇಟರಿಗೆ ಕಬ್ಬಿನ ಸೋಗೆ ಸಿಕ್ಕಿಕೊಂಡಿತು. ಎಂಜಿನ್ ಆರಿಸದೆ ಅಪಿಸಾಯಿ ಇಳಿದ. ಶಾಫ್ಟಿನ ಜೊತೆ ಕವರೂ ತಿರುಗುತ್ತಿತ್ತು. ಉಟ್ಟ ಸುಲುವಿನ ಅಂಚು ತಾಗಿದ್ದೇ ತಡ, ಬಟ್ಟೆಯನ್ನೆಲ್ಲ ಎಳೆದುಕೊಂಡಿತು. ಹಳೇ ಬಟ್ಟೆ, ಹರಿಯಿತು. ತೊಡೆಯ ಚರ್ಮ ಸುಲಿದುಕೊಂಡು ಅಪಿಸಾಯಿ ಬರೀ ಮೈಯಲ್ಲಿ ಕಬ್ಬಿನೊಳಗೆ ಓಡಿದ. ಕಡಿಯುವ ತಂಡ ಬಿದ್ದು ಬಿದ್ದು ನಕ್ಕಿತು. ಇಂದಿಗೂ ಬೇರಿನ ಪಾನೀಯ ಯಾಂಗೋನಾ ಕಲಸಿ ಬಟ್ಟಲು ಸುತ್ತು ಬಂದರೆ ಯಾರಾದರೊಬ್ಬರು ಆ ಕಥೆ ತೆಗೆಯುತ್ತಾರೆ.

"ನಾನೂ ನಕ್ಕಿದ್ದೆ," ಎನ್ನುತ್ತಾರೆ ಬಿಸುನ್. "ಮಾರನೇ ದಿನ ಆ ಬಟ್ಟೆ ಬಿಡಿಸೋಕೆ ಕೂತೆ. ಚಾಕು ಇಳೀಲಿಲ್ಲ. ಬಟ್ಟೆ ಮರದ ಹಾಗೆ ಗಟ್ಟಿಯಾಗಿತ್ತು. ಅದು ಹೊಸ ಸುಲು ಆಗಿದ್ರೆ ಅಂತ ಯೋಚನೆ ಬಂತು ನೋಡಿ, ಆಮೇಲೆ ನಗು ಬರಲಿಲ್ಲ."

ನಗುವಿನ ಬದಲು ಬಂದದ್ದು ಕುತೂಹಲ. ಹೊಸ ಕವರು ಯಾಕೆ ತಿರುಗಿತು? ಬಿಚ್ಚಿ ನೋಡಿದರೆ ಕವರನ್ನು ಶಾಫ್ಟಿನ ಮೇಲೆ ಕೂರಿಸುವ ಬಳೆಯಲ್ಲಿ ಹಳೇ ಗ್ರೀಸು, ಕೆಸರು ಗಟ್ಟಿ ಕಟ್ಟಿತ್ತು. ಬಳೆ ತೊಳೆದು, ಸರಪಳಿ ಹಾಕಿ, ದೂರ ನಿಂತು ನೋಡಿದರು. ನಿಂತಿದೆಯೋ ತಿರುಗುತ್ತಿದೆಯೋ ಕಣ್ಣಿಗೆ ಗೊತ್ತಾಗಲಿಲ್ಲ, ಹಳದಿ ಹಳದಿಯೇ. ಆಗ ಹೊಳೆದದ್ದು ಈ ಗೆರೆ. ನಿಂತ ಕವರಿನ ಮೇಲೆ ಗೆರೆ ಕಾಣುತ್ತದೆ, ತಿರುಗಿದರೆ ಕರಗುತ್ತದೆ. ಅಂದಿನಿಂದ ಗೆರೆ ಕಾಣದ ಯಂತ್ರ ಈ ಶೆಡ್ಡು ಬಿಟ್ಟಿಲ್ಲ. ಕಬ್ಬಿನ ಕಾಲದಲ್ಲಿ ಸುತ್ತಲ ಊರುಗಳಿಂದಲೂ ದಿನಕ್ಕೆ ನಾಲ್ಕೈದು ಯಂತ್ರ ಬರುತ್ತವೆ. ಕಾಯಲಾರದ ಕೆಲವರು ಪೇಟೆಯ ದಾರಿ ಹಿಡಿದಿದ್ದಾರೆ.

ಅಪಿಸಾಯಿ ಹೋಗುವುದಿಲ್ಲ, ಬೈಯುತ್ತಾ ಕಾಯುತ್ತಾನೆ. ಬಿಸುನ್ ಬಸ್ಸು ಹತ್ತಿ ಬಳೆ ತರುವಾಗ ಮಧ್ಯಾಹ್ನ. ತೊಳೆದು, ಕೂರಿಸಿ, ಗ್ರೀಸು ಹಚ್ಚಿ, ಹೊಸ ಸರಪಳಿ ಕೊಕ್ಕೆಗೆ ಹಾಕುವಾಗ ನೆರಳು ಉದ್ದವಾಗಿದೆ. ಈಗ ಗೆರೆ ನಿಂತಲ್ಲೇ ನಿಂತಿದೆ. ಅಪಿಸಾಯಿ ಟ್ರ್ಯಾಕ್ಟರು ಓಡಿಸಿಕೊಂಡು ಹೋಗುತ್ತಾನೆ. ಹೊತ್ತು ಮುಳುಗುವಾಗ ಹೊಳೆಯ ಬದಿಯ ಅವನ ಒಂದು ಪಟ್ಟಿ ನೆಲ ಯಂತ್ರ ಇಳಿಯದೆ ಹಾಗೇ ಉಳಿಯುತ್ತದೆ.

ಮರುದಿನ ಬೆಳಗ್ಗೆ ಶೆಡ್ಡಿನ ಬಾಗಿಲು ಮುಚ್ಚಿದೆ. ಬಿಸುನ್ ಆ ಪಟ್ಟಿಯಲ್ಲಿ ಗುದ್ದಲಿ ಹಿಡಿದು ಅಗೆಯುತ್ತಿದ್ದಾರೆ, ಪಕ್ಕದಲ್ಲಿ ಅಪಿಸಾಯಿ.

"ನಿನ್ನಂಥ ಮೆಕ್ಯಾನಿಕ್ ಇದ್ರೆ ಎತ್ತೇ ವಾಸಿ ಭೈಯಾ," ಎನ್ನುತ್ತಾನೆ. "ಆಳವಾಗಿ ಅಗಿ, ಕೆರೀಬೇಡ."

ಬಿಸುನ್ ಬೆನ್ನು ನೆಟ್ಟಗೆ ಮಾಡಿಕೊಂಡು ಮೋಡ ನೋಡುತ್ತಾರೆ. ಅಗೆದು ಮುಗಿಯುವ ತನಕ ಅದು ಗುಡ್ಡ ಇಳಿಯದಿದ್ದರೆ ಸಾಕಂತೆ, ಬೇರೇನೂ ಬೇಡವಂತೆ. "ಅವತ್ತು ನನ್ನಿಂದ ಅವನ ತೊಡೆ ಸುಲೀತು. ಇವತ್ತು ನನ್ನ ಅಂಗೈ ಸುಲೀತಿದೆ," ಎನ್ನುತ್ತಾರೆ. "ಇದು ಒಂದು ವಾರಕ್ಕೆ ಮಾಯುತ್ತೆ."